ನಾಲ್ಕರ ತನಕ ಎಣಿಸಲು ಬಾರದವನು

ಆ ಹೆಂಗಸು ಮೂರನೆಯ ಸಕ್ಕರೆ ಪೊಟ್ಟಣವನ್ನು ಮೇಜಿನ ಮೇಲಿಟ್ಟಾಗ ಆರ್ವಿಲ್ ಸ್ಟಾನೆಕ್ ಕಾಫಿ ಲೋಟ ಕೆಳಗಿಟ್ಟ. ಕೆಫೆಯಲ್ಲಿದ್ದ ಉಳಿದವರಿಗೆ ಇದೆಲ್ಲ ತಮಾಷೆ. ಪ್ರತಿ ಅಕ್ಟೋಬರಿನಂತೆ ಈ ಶನಿವಾರವೂ ಟಾರ್ಬೆಟ್ ಕಾಲೇಜಿನ ಹಳೆಯ ಅಭಿಮಾನಿಗಳು ಮೇವಿಸ್‌ಳ ಕೆಫೆಯಲ್ಲಿ ಸೇರಿದ್ದರು. ಬಿಸಿ ಚಿಲ್ಲಿ ಸಾರಿಗೆ ದಾಲ್ಚಿನ್ನಿ ರೋಲ್ ಅದ್ದಿ ತಿನ್ನುತ್ತ, 1971ರಲ್ಲಿ ತಮ್ಮ ಪುಟ್ಟ ಕಾಲೇಜು ದೈತ್ಯ ಗ್ರೇಂಜರ್ ವಿಶ್ವವಿದ್ಯಾಲಯಕ್ಕೆ ಮಣ್ಣು ಮುಕ್ಕಿಸಿದ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಮೇಜಿನ ಮೇಲೆ ಮತ್ತೆ ಆಡುತ್ತಿದ್ದರು. ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿಗಳೇ ಆಟಗಾರರು. ಕೆಚಪ್ ಬಾಟಲಿ ಅಂದರೆ ಲೋವೆಲ್ ಹೌಗೆನ್, ಅಂದು ಕೊನೆಯ ಗಳಿಗೆಯಲ್ಲಿ ಚೆಂಡು ಅವುಚಿಕೊಂಡು ಗೆರೆ ದಾಟಿದವನು. ಕಾಲೇಜು ಮೈದಾನದ ಗೇಟಿಗೆ ಈಗ ಅವನದೇ ಹೆಸರು. ಅಸಲಿ ಲೋವೆಲ್ ಆರ್ವಿಲ್‌ನ ಎದುರಿಗೇ ಮಂಡಿ ನೀವಿಕೊಳ್ಳುತ್ತ ಕೂತಿದ್ದ.

ಜೋಲೀನ್ ಎಂಬ ಈ ಹೆಂಗಸು ಅರ್ಧ ಗಂಟೆಯ ಹಿಂದೆ ಬಂದು, ಆ ಪಂದ್ಯದ ಕಥೆ ಕೇಳಬೇಕು ಅಂದಿದ್ದಳು. ಹೊಸದಾಗಿ ಕೇಳುವವರು ಸಿಕ್ಕರೆ ಇವರಿಗೆ ಇನ್ನೇನು ಬೇಕು! ಟಾರ್ಬೆಟ್‌ಗೆ ಗೆರೆ ಐದೇ ಗಜ ದೂರ. ದಾಟುವುದಕ್ಕೆ ನಾಲ್ಕು ಯತ್ನ. ಆಗದಿದ್ದರೆ ಚೆಂಡೂ ಎದುರಾಳಿಗೆ, ಪಂದ್ಯವೂ ಎದುರಾಳಿಗೆ. ಪ್ರತಿವರ್ಷ ಒಬ್ಬೊಬ್ಬರೂ ತಮಗೆ ಇಷ್ಟವಾದ ಯತ್ನವನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಎಲ್ಲವನ್ನೂ ಸಾಲಾಗಿ ಹೇಳಿಸಿ, ಒಂದೊಂದಕ್ಕೂ ಒಂದೊಂದು ಸಕ್ಕರೆ ಪೊಟ್ಟಣ ಇಟ್ಟವಳು ಇವಳೊಬ್ಬಳೇ. ಲೋವೆಲ್ ಗುಂಪಿನೊಳಗೆ ಸಿಕ್ಕಿಕೊಂಡದ್ದು ಒಂದು. ಎಸೆದ ಚೆಂಡು ಕೈತಪ್ಪಿದ್ದು ಎರಡು. ಕೆಸರಿನಲ್ಲಿ ಕಾಲು ಜಾರಿದ್ದು ಮೂರು.

"ಇನ್ನು ಆ ಪೆದ್ದನ ಕಥೆ ಬರ್ಲಿ!" ಅಂದಳು ಮೇವಿಸ್, ಕಾಫಿ ಬಗ್ಗಿಸುತ್ತ. "ಗ್ರೇಂಜರ್ ಕಡೆಯವನಮ್ಮ, ಗೂಳಿ ಥರ ಇದ್ದ. ಲೋವೆಲ್‌ನ ಎತ್ತಿ ಕುಕ್ಕರಿಸಿದ. ಅಷ್ಟಕ್ಕೇ ಗೆದ್ದೆ ಅಂತ ಹೆಲ್ಮೆಟ್ ಮೇಲಕ್ಕೆಸೆದು ಮೈದಾನದ ಮಧ್ಯಕ್ಕೆ ಓಡಿಹೋಗಿ ಕುಣಿದ ನೋಡು!"

"ನಾಲ್ಕರ ತನಕ ಎಣಿಸೋಕೆ ಬರಲ್ಲ, ಕಾಲೇಜಿಗೆ ಬೇರೆ ಬಂದಿದ್ದ," ಅಂದರು ಯಾರೋ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವನು ಅಲ್ಲಿ ಕುಣೀತಾ ಇದ್ದ, ಇಲ್ಲಿ ಅವನ ಜಾಗ ಖಾಲಿ. ನಮ್ಮ ಲೋವೆಲ್ ಅದೇ ಸಂದೀಲಿ ನುಗ್ಗಿದ!"

ಜೋಲೀನ್ ಲೋವೆಲ್‌ನನ್ನು ಕುಕ್ಕರಿಸಿದ್ದಕ್ಕೆ ಒಂದು ಪೊಟ್ಟಣ ಇಟ್ಟಳು. ಅವನು ಸಂದಿಯಲ್ಲಿ ನುಗ್ಗಿದ್ದಕ್ಕೆ ಇನ್ನೊಂದು. "ಐದಾಯ್ತಲ್ಲ?" ಅಂದಳು.

ನಗು ನಿಂತಿತು. ಮೇವಿಸ್ ಬೆರಳಿನಿಂದ ಪೊಟ್ಟಣಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು. "ಯಾವುದೋ ಒಂದನ್ನ ಎರಡು ಸಲ ಹೇಳಿದ್ವಿ ಅನ್ಸುತ್ತೆ. ವಯಸ್ಸಾಯ್ತಲ್ಲ ತಾಯಿ."

"ಆ ಪೆದ್ದ ನಮ್ಮಪ್ಪ," ಅಂದಳು ಜೋಲೀನ್. "ಬಡ್ ಕ್ರೆಸ್ಲರ್. ಹೊರಗೆ ಕಾರಲ್ಲಿದ್ದಾರೆ, ಒಳಗೆ ಬರಲ್ಲ ಅಂದ್ರು. ನಲವತ್ತೆಂಟು ವರ್ಷದಿಂದ ನಮ್ಮೂರಲ್ಲಿ ಅವರನ್ನ 'ಮೂರು' ಅಂತಾನೇ ಕರೀತಾರೆ. ಅದರಾಚೆಗೆ ಲೆಕ್ಕ ಬರಲ್ಲ ಅಂತ. ಕ್ರಿಸ್ಮಸ್ ತನಕ ಉಳಿಯೋದು ಕಷ್ಟ ಅಂದಿದ್ದಾರೆ ಡಾಕ್ಟರು. ಅವತ್ತು ಎಷ್ಟು ಸಲ ಆಡಿದ್ರು ಅಂತ ನಿಮ್ಮಲ್ಲಿ ಒಬ್ರು ಹೇಳಿದ್ರೆ ಸಾಕು."

ಆರ್ವಿಲ್ ಆ ಐದು ಪೊಟ್ಟಣಗಳನ್ನೇ ನೋಡಿದ. ಅಂದು ಮೈದಾನದ ಅಂಚಿನಲ್ಲಿ ಅಂಕಿಯ ಕೋಲು ಹಿಡಿದು ನಿಂತವನು ಅವನೇ. ಊರಿನ ಹಾರ್ಡ್‌ವೇರ್ ಅಂಗಡಿಯ ಕೆಲಸಗಾರ, ಮೈದಾನದಲ್ಲಿ ಬಿಟ್ಟಿ ಚಾಕರಿ. ಪ್ರತಿ ಯತ್ನ ಮುಗಿದಾಗ ಕೋಲಿನ ತುದಿಯ ಅಂಕಿ ತಿರುಗಿಸುವುದು, ಇಷ್ಟೇ ಕೆಲಸ. ಎರಡನೆಯದಾದ ಮೇಲೆ ಕೋಚ್ ಆಟ ನಿಲ್ಲಿಸಿದ. ಆರ್ವಿಲ್ ಹುಡುಗರ ಜೊತೆ ಕೂಗುತ್ತ ಕುಪ್ಪಳಿಸುತ್ತ ಅಂಕಿ ತಿರುಗಿಸುವುದನ್ನೇ ಮರೆತ. ಅಂಪೈರುಗಳು ಕೋಲು ನೋಡಿದರು, ಅದರಲ್ಲಿ ಎರಡೇ ಇತ್ತು; ಹಾಗಾಗಿ ಮೂರನೆಯ ಯತ್ನವೂ ಎರಡನೆಯದೆಂದೇ ಲೆಕ್ಕಕ್ಕೆ ಬಂತು. ಟಿವಿಯವರು ಆಗ ಈ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ಗೆದ್ದ ಜನ ಗೋಲಿನ ಕಂಬ ಕಿತ್ತು ಬೀದಿಯುದ್ದಕ್ಕೂ ಮೆರವಣಿಗೆ ಹೊರಟಾಗ, ಅದರ ಒಂದು ತುದಿಗೆ ಹೆಗಲು ಕೊಟ್ಟಿದ್ದ ಆರ್ವಿಲ್‌ಗೆ ಲೆಕ್ಕ ಹೊಳೆಯಿತು. ಆಮೇಲಿನ ಪ್ರತಿವರ್ಷವೂ ಆ ಪೆದ್ದನ ಕಥೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ.

ಅವನು ಎದ್ದ.

"ಕೂತ್ಕೊಳ್ಳೋ ಆರ್ವಿಲ್," ಅಂದ ಲೋವೆಲ್, ತಲೆ ಎತ್ತದೆ.

ಆರ್ವಿಲ್ ನಿಲ್ಲಲಿಲ್ಲ. ಹೊರಗೆ ಥಂಡಿ ಗಾಳಿ. ಕಾರಿನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕ, ಮೂಗಿಗೆ ಆಮ್ಲಜನಕದ ನಳಿಗೆ. ಗೂಳಿಯಂಥ ಆ ಮೈಯಲ್ಲಿ ಈಗ ಕೋಟು ಮಾತ್ರ ದೊಡ್ಡದಿತ್ತು. ಕಿಟಕಿಯ ಗಾಜು ಕೆಳಗಿಳಿಯಿತು.

"ಅವತ್ತು ಕೋಲು ಹಿಡಿದಿದ್ದವನು ನಾನು," ಅಂದ ಆರ್ವಿಲ್. "ಐದು ಸಲ ಆಡಿದ್ರು. ಅಂಕಿ ತಿರುಗಿಸೋದು ನಾನೇ ಮರೆತೆ. ನಿಮ್ಮ ಲೆಕ್ಕ ಸರಿಯಾಗೇ ಇತ್ತು."

ಕ್ಷಮಿಸಿ ಎಂದು ಕೇಳುವ ಧೈರ್ಯ ಆರ್ವಿಲ್‌ಗೆ ಬರಲಿಲ್ಲ.

"ಅದನ್ನ ನನಗ್ಯಾಕಯ್ಯಾ ಹೇಳ್ತೀಯ?" ಅಂದ ಬಡ್, ಉಸಿರು ಎಳೆದುಕೊಳ್ಳುತ್ತ. "ನಾನು ಅವತ್ತೇ ಎಣಿಸಿದ್ದೆ. ಅವರಿಗೆ ಹೇಳು."

ಆರ್ವಿಲ್ ಹಿಂದಿರುಗಿ ನೋಡಿದ. ಕೆಫೆಯ ದೊಡ್ಡ ಗಾಜಿನ ಹಿಂದೆ ಎಲ್ಲರೂ ಒತ್ತರಿಸಿ ನಿಂತಿದ್ದರು. ಐವತ್ತು ವರ್ಷದ ಗೆಳೆಯರು, ತನ್ನನ್ನು ನಾಳೆ ಮಣ್ಣಿಗೆ ಹೊರಬೇಕಾದವರು. ಅವನು ಬಲಗೈ ಎತ್ತಿ ಐದೂ ಬೆರಳು ಬಿಡಿಸಿ ಹಿಡಿದ.

ಮೇವಿಸ್ ಮುಖ ತಿರುಗಿಸಿದಳು. ಅವಳ ಹಿಂದೆ ಒಬ್ಬೊಬ್ಬರೇ ಸರಿದು ಹೋದರು. ಕೊನೆಗೆ ಗಾಜಿನ ಹಿಂದೆ ಉಳಿದವನು ಲೋವೆಲ್ ಒಬ್ಬನೇ. ಅವನು ನಿಧಾನವಾಗಿ, ಅಂದು ಚೆಂಡು ಅವುಚಿಕೊಂಡಿದ್ದ ಆ ಕೈಯನ್ನು ಎತ್ತಿ, ಐದು ಬೆರಳು ಬಿಡಿಸಿ ಗಾಜಿಗೆ ಒತ್ತಿದ.