ಸೇವೆಯಲ್ಲಿರುವಾಗಲೇ

ಬೆಳಿಗ್ಗೆ ಆರಕ್ಕೆ ಮೀಟರಪ್ಪ ಜೋರಾಗಿ ಕೆಮ್ಮಿದ. ಅಡುಗೆಮನೆಯಿಂದ ಹೆಂಡತಿ, ಬಚ್ಚಲಿನಿಂದ ಬ್ರಷ್ ಕಚ್ಚಿಕೊಂಡೇ ಮಗ, ಇಬ್ಬರೂ ಓಡಿ ಬಂದರು.

"ಏನಾಯ್ತು ರೀ?"

"ಏನಿಲ್ಲ. ಬರೀ ಕೆಮ್ಮು."

"ಬರೀ ಕೆಮ್ಮಾ?" ಎಂದ ಮಗ. ಓಡಿ ಬಂದವರು ವಾಪಸ್ ಹೋಗುವಾಗ ನಡೆದೇ ಹೋದರು.

ನೀರು ಸರಬರಾಜು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಮೂವತ್ತಾರು ವರ್ಷದಿಂದ ಮೀಟರು ಪರೀಕ್ಷಿಸುತ್ತಿದ್ದವನಿಗೆ ಮೀಟರಪ್ಪ ಎನ್ನದೆ ಇನ್ನೇನೆಂದಾರು? ಮೀಟರನ್ನು ಪೈಪಿಗೆ ಜೋಡಿಸುವುದು, ನೂರು ಲೀಟರ್ ಹರಿಸುವುದು, ಮುಳ್ಳು ನೂರನ್ನೇ ತೋರಿಸಿದರೆ ತಂತಿ ಕಟ್ಟಿ ಸೀಸದ ಮುದ್ರೆ ಒತ್ತುವುದು. ಸುಳ್ಳು ಹೇಳುವ ಮೀಟರು ಅವನ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ.

ಹೋದ ವರ್ಷ ಕುತ್ತಿಗೆಯಲ್ಲಿ ಎದ್ದ ಗಂಟು ಕ್ಯಾನ್ಸರ್ ಎಂದಾಯಿತು. ಕೀಮೋ ಶುರುವಾಯಿತು. ತಲೆ ಬೋಳಾಯಿತು, ಹುಬ್ಬೂ ಹೋಯಿತು. ಬೆರಳ ತುದಿ ಮರಗಟ್ಟಿ ಮುದ್ರೆ ಒತ್ತುವ ಇಕ್ಕಳ ಜಾರುತ್ತಿತ್ತು. ಬಾಯಲ್ಲಿ ಸದಾ ತುಕ್ಕಿನ ರುಚಿ. ನೂರು ಲೀಟರ್ ಹರಿಯುವಷ್ಟರಲ್ಲಿ ಮೇಜಿನಡಿಯ ಬಕೆಟ್ಟಿಗೆ ಎರಡು ಸಲ ವಾಂತಿ.

"ಒಂದಾರು ತಿಂಗಳು ರಜೆ ಹಾಕ್ಬಿಡ್ಲಾ?" ಎಂದು ಒಂದು ದಿನ ಮನೆಯಲ್ಲಿ ಕೇಳಿದ್ದ.

"ರಜೆನಾ!" ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಮನೇಲಿ ಕೂತ್ರೆ ಬರೀ ಕಾಯಿಲೆದೇ ಯೋಚ್ನೆ ಆಗುತ್ತೆ ರೀ. ಕೆಲ್ಸದಲ್ಲಿದ್ರೆ ಮನಸ್ಸು ಗಟ್ಟಿ ಇರುತ್ತೆ."

"ನಾನೇ ಬಿಟ್ಟು ನಾನೇ ಕರ್ಕೊಂಡ್ ಬರ್ತೀನಪ್ಪಾ" ಎಂದ ಮಗ. ಮೂವತ್ತೆರಡು ವರ್ಷದ ಅವನಿಗೆ ಅದುವರೆಗೆ ಇದ್ದ ಕೆಲಸ ಒಂದೇ, ಕೆಲಸ ಹುಡುಕುವುದು.

ಕಚೇರಿಯ ನಿಯಮಗಳು ನೌಕರರಿಗಿಂತ ಅವರ ಮನೆಯವರಿಗೇ ಚೆನ್ನಾಗಿ ಬಾಯಿಪಾಠ. ಸೇವೆಯಲ್ಲಿರುವಾಗಲೇ ಸತ್ತರೆ ಮಗನಿಗೆ ಕೆಲಸ. ನಿವೃತ್ತಿಯ ಮಾರನೆಯ ದಿನ ಸತ್ತರೆ ಒಂದು ನಿಮಿಷ ಮೌನ. ಮೂರು ತಿಂಗಳು ಮೀರಿ ಕಾಯಿಲೆ ರಜೆ ಹಾಕಿದರೋ, 'ಲಾಯಕ್ಕಿಲ್ಲ' ಎಂದು ಬದುಕಿರುವಾಗಲೇ ಮನೆಗೆ. ಮೀಟರಪ್ಪನ ನಿವೃತ್ತಿಗೆ ಉಳಿದಿದ್ದದ್ದು ಒಂದು ವರ್ಷ ಚಿಲ್ಲರೆ. ಮಗನ ಬಾಳು ನಿಲ್ಲಬೇಕಾದರೆ ಅಪ್ಪ ಅಷ್ಟರೊಳಗೆ ಕೆಲಸಕ್ಕೆ ನಿಂತಿದ್ದಂತೆಯೇ ಮಲಗಬೇಕಿತ್ತು.

ಹಾಗಾಗಿ ಉಪಚಾರವೋ ಉಪಚಾರ. ಬೆಳಿಗ್ಗೆ ಬಿಸಿನೀರು, ಸಂಜೆ ಕಾಲೊತ್ತುವುದು. ಮದುವೆಯಾದಂದಿನಿಂದ ಕೈಗೆ ಸಿಗದ ಟಿವಿ ರಿಮೋಟು ತಾನಾಗಿ ತೊಡೆಯ ಮೇಲೆ ಬಂದು ಕೂತಿತು. ಹೆಂಡತಿ ಹೊಸ ಖಾಕಿ ಅಂಗಿಯನ್ನೂ ಹೊಲಿಸಿದಳು. ಮೀಟರಪ್ಪನಿಗೆ ಅದು ಗೋಣಿಚೀಲದಂತಿತ್ತು.

"ನೀವು ಮತ್ತೆ ಮೈ ತುಂಬ್ಕೊಳ್ತೀರಲ್ಲ, ಅದಕ್ಕೇ ದೊಡ್ಡದು" ಎಂದಳು. ಮಗ ಒಂದು ಸಲ ಹಾಕಿ ನೋಡಿದ. ಅಳತೆ ತೆಗೆದು ಹೊಲಿದಂತೆ ಕೂತಿತು.

ಮೊದಲು ಮೂರು ವಾರಕ್ಕೊಮ್ಮೆ ಇದ್ದ ಕೀಮೋ ಆಮೇಲೆ ವಾರಕ್ಕೊಮ್ಮೆ ಎಂದಾದಾಗ ಮನೆಯಲ್ಲಿ ಹೊಸ ಹುರುಪು ಬಂತು. ಪ್ರತಿ ಶನಿವಾರ ಮೀಟರಪ್ಪ ಒಬ್ಬನೇ ಆಸ್ಪತ್ರೆಯ ಬಸ್ಸು ಹತ್ತುತ್ತಿದ್ದ. ಒಳಗೆ ಯಾರನ್ನೂ ಬಿಡುವುದಿಲ್ಲವಂತೆ. ಸೋಮವಾರ ಮತ್ತೆ ಮೇಜಿನ ಮುಂದೆ.

ನಿವೃತ್ತಿಗೆ ಹತ್ತು ದಿನವಿರುವಾಗ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಫೋನು ಬಂತು. ಎದುರಿಗೆ ಮೀಟರಪ್ಪ ಕೂತಿದ್ದ.

"ಹೌದಮ್ಮಾ, ಭಾನುವಾರಾನೂ ಸೇವೆನೇ... ಕೊನೇ ದಿನ ಸಾಯಂಕಾಲ ಐದೂವರೆವರೆಗೂ ನಡೆಯುತ್ತೆ... ಇಲ್ಲಮ್ಮಾ, ಅರ್ಧ ಗಂಟೆ ಆ ಕಡೆ ಈ ಕಡೆ ಮಾಡೋದು ನಮ್ಮ ಕೈಲಿಲ್ಲ."

ಫೋನಿಟ್ಟ ಸೂಪರಿಂಟೆಂಡೆಂಟರು ಬೆವರು ಒರೆಸಿಕೊಂಡರು. "ಯಾರೋ ಸಾರ್ವಜನಿಕರು."

"ಹೂಂ ಸಾರ್" ಎಂದ ಮೀಟರಪ್ಪ. "ನಮ್ಮನೆ ಸಾರ್ವಜನಿಕರ ದನಿ ಇದ್ದಂಗಿತ್ತು."

ಕೊನೆಯ ದಿನ ಶುಕ್ರವಾರ. ಬಿಸಿನೀರಿಲ್ಲ, ಗ್ಯಾಸ್ ಮುಗಿದಿದೆಯಂತೆ. ಸ್ಕೂಟರಿಲ್ಲ, ಪಂಕ್ಚರಂತೆ. ಮೀಟರಪ್ಪ ನಡೆದೇ ಹೋದ. ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೆಂಡತಿಯ ಫೋನು.

"ಹೇಗಿದೀರಾ?"

"ಚೆನ್ನಾಗಿದೀನಿ."

"ನಿಜ ಹೇಳಿ ರೀ."

ಐದೂವರೆಯಾಯಿತು. ಮೀಟರಪ್ಪ ಜೀವಂತ ಮನೆಗೆ ಬಂದ. ಮನೆ ಸಾವಿನ ಮನೆಯಂತಿತ್ತು, ಯಾರೂ ಸಾಯದಿದ್ದದ್ದೇ ಕಾರಣ. ಮಗ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಎಲ್ಲಾದ್ರಲ್ಲೂ ನಿಮ್ದು ನಿಧಾನವೇ" ಎಂದಳು ಹೆಂಡತಿ, ಮುಸುಮುಸು ಅಳುತ್ತ. "ಒಂದು ದಿನಾನಾದ್ರೂ ಮಗನ ಬಗ್ಗೆ ಯೋಚ್ನೆ ಮಾಡಿದ್ರಾ?"

ಮೀಟರಪ್ಪ ಜೇಬಿನಿಂದ ಒಂದು ಹಾಳೆ ತೆಗೆದ. "ಆ ಮೇಜಿನ ಕೆಲ್ಸ ಬೇರೆ ಯಾರಿಗೂ ಬರಲ್ವಂತೆ. ಇನ್ನೆರಡು ವರ್ಷ ಇರು ಅಂತ ಆರ್ಡರ್ ಕೊಟ್ಟಿದಾರೆ."

ಮಗ ಎದ್ದು ಕೂತ. "ಆ ಎರಡು ವರ್ಷದಲ್ಲಿ ಅಕಸ್ಮಾತ್ ಏನಾದ್ರೂ..."

"ಅದೂ ಸೇವೆನೇ ಕಣೋ. ಕೇಳ್ಕೊಂಡೇ ಬಂದೆ."

ಹೆಂಡತಿ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಮುಗಿದ ಗ್ಯಾಸು ನೀಲಿಯಾಗಿ ಉರಿಯಿತು. ಮಗ ಅಪ್ಪನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡ. "ನಾಳೆ ಶನಿವಾರ ಅಲ್ವಾಪ್ಪಾ? ಆಸ್ಪತ್ರೆಗೆ ನಾನೂ ಬರ್ಲಾ?"

"ಬೇಡ ಮಗನೇ. ನಿನ್ ಕೈಲಿ ನೋಡಕ್ಕಾಗಲ್ಲ."

ಆರ್ಡರಿಗೆ ಎರಡನೆಯ ಹಾಳೆಯೊಂದಿತ್ತು. ಸೇವೆ ಮುಂದುವರಿಸಲು ಕಡ್ಡಾಯವೆಂದು ಕಚೇರಿಗೆ ಕೊಟ್ಟಿದ್ದ ವೈದ್ಯರ ಪತ್ರದ ನಕಲು. ಮೀಟರಪ್ಪ ಅದನ್ನು ದಾರಿಯಲ್ಲೇ ಹರಿದು ಚರಂಡಿಗೆ ಹಾಕಿ ಬಂದಿದ್ದ: ಕೊನೆಯ ಕೀಮೋ ಮುಗಿದು ಎಂಟು ತಿಂಗಳಾಗಿದೆ, ಕಾಯಿಲೆಯ ಸುಳಿವೇ ಇಲ್ಲ.

ಪ್ರತಿ ಶನಿವಾರ ಆಸ್ಪತ್ರೆಯ ಎದುರಿನ ಸಲೂನಿನಲ್ಲಿ ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಳ್ಳದೆ ಹೋಗಿದ್ದರೆ, ಅವನ ತಲೆಗೂದಲು ಇಷ್ಟು ಹೊತ್ತಿಗೆ ಬಾಚುವಷ್ಟು ಬೆಳೆದಿರುತ್ತಿತ್ತು.