ಬಿಗಿಯುವ ಕಾಲು

ಸೆರೆಬ್ರಲ್ ಪಾಲ್ಸಿಯಿಂದ ಕಾಲು ಬಿಗಿಯುತ್ತಿದ್ದ ಮಗಳ ಪ್ಯಾಂಟನ್ನು ಸುಗುಣ ಮೊಣಕಾಲಿನವರೆಗೆ ಮಡಚುತ್ತಿದ್ದಳು. ಸ್ನಾಯು ಯಾವಾಗ ಬಿಗಿಯುತ್ತದೆಂದು ತಿಳಿದರೆ ಅವಳು ಊರಿಕೊಂಡು ನಡೆಯುವ ಕೋಲು ಬಿಡಿಸಬಹುದು ಎನ್ನುತ್ತ ಫಿಸಿಯೋಥೆರಪಿಸ್ಟ್ ಬಿಗಿತ ಅಳೆಯುವ ಮೆಷಿನ್ನಿನ ವೈರನ್ನು ಅವಳ ಕಾಲಿಗೆ ಅಂಟಿಸಿದರು.

"ನಡಿಯೇ, ನಾಟಕ ಸಾಕು," ಎಂದು ಅತ್ತೆ ಮೊಮ್ಮಗಳನ್ನು ಗದರಿದರು. "ಸೊಂಟದ ಮೇಲೆ ಹೊತ್ತೂ ಹೊತ್ತೂ ನಿಮ್ಮಮ್ಮನೇ ನಿನ್ನ ಕುಂಟಿ ಮಾಡಿಟ್ಟಳು."

"ನಿಮ್ಮ ಬಾಯಿಗೆ ಹೆದರಿಯೇ ಅವಳ ಕಾಲು ಸೆಟೆಯೋದು, ಅತ್ತೆ. ಇವತ್ತು ಮೆಷಿನ್ನೇ ಹೇಳುತ್ತೆ ಬಿಡಿ."

ಮಗಳು ನಡೆದಳು. ಅತ್ತೆ ಬೈಯುತ್ತಲೇ ಇದ್ದರು. "ಹುಷಾರು ಪುಟ್ಟಿ, ಬೀಳ್ತೀಯ," ಎಂದು ಸುಗುಣ ನಡುನಡುವೆ ಕೂಗಿದಳು.

ಮೆಷಿನ್ನಿನ ಪರದೆ ನೋಡಿದ ಫಿಸಿಯೋಥೆರಪಿಸ್ಟ್ ಸುಗುಣಳ ಕಡೆ ತಿರುಗಿದರು. "ಅಜ್ಜಿ ಬೈದಾಗ ಸ್ನಾಯು ಸಡಿಲವಾಗಿಯೇ ಇದೆ. ನೀವು ಹುಷಾರು ಅಂದಾಗಲೆಲ್ಲ ಬಿಗಿದಿದೆ."

"ಕೇಳಿಸಿತೇನೇ?" ಎಂದರು ಅತ್ತೆ.

ಕೂತಿದ್ದ ಮಗಳು ಮತ್ತೆ ನಡೆಯಲು ಎದ್ದಳು. ನಾಳೆಯಿಂದ ಇವಳನ್ನು ಅತ್ತೆಯೇ ನಡೆಸಲಿ ಎಂದು ಮನಸ್ಸಿನಲ್ಲೇ ನಿರ್ಧರಿಸಿದ ಸುಗುಣ, ಬಾಯಿಗೆ ಬಂದ 'ಹುಷಾರು' ನುಂಗಿಕೊಂಡು ಗೋಡೆಯತ್ತ ತಿರುಗಿ ನಿಂತಳು.