ರಾಕೆಟ್ ಹೊರಡುವ ಮೊದಲು

ಸಾವಂತ್ರೆವ್ವ ಛಾಪಖಾನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಕಂಡು ಅವಳ ಗಂಡ ಮೈಲಾರಪ್ಪನ ಕೈಯಲ್ಲಿದ್ದ ಅಚ್ಚಿನ ಮೊಳೆ ಜಾರಿ ನೆಲಕ್ಕೆ ಬಿತ್ತು. ಮೂವತ್ತು ವರ್ಷದಿಂದ ಅವನು ಹುಬ್ಬಳ್ಳಿಯ ಈ ಪತ್ರಿಕೆಗೆ ಮೊಳೆ ಜೋಡಿಸುತ್ತಿದ್ದಾನೆ. ಅವನು ಬುತ್ತಿ ಮರೆತು ಬಂದ ದಿನವೂ ಅವಳು ಇತ್ತ ತಲೆ ಹಾಕಿದವಳಲ್ಲ. ಇವತ್ತು ಕೇಶ್ವಾಪುರದಿಂದ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದಳು. ಗಂಡನ ಕಡೆ ನೋಡಲಿಲ್ಲ. ನೆಟ್ಟಗೆ ಉಪಸಂಪಾದಕ ಬಾಳಕೃಷ್ಣನ ಮೇಜಿನ ಮುಂದೆ ಹೋಗಿ ನಿಂತಳು.

“ರಾಯರ, ಆ ರಾಕೆಟ್ ಹೊಂಟಿತೇನ್ರಿ?”

ಬಾಳಕೃಷ್ಣ ತಬ್ಬಿಬ್ಬಾದ. “ಇನ್ನೂ ಇಲ್ರಿ ಅವ್ವಾರ. ಗುರುವಾರ ಅಂತಾರ. ತಯಾರಿ ನಡದೈತಿ, ಎಣ್ಣಿ ತುಂಬೂದು ಬಾಕಿ ಐತಂತ. ಯಾಕ್ರಿ?”

“ಹಂಗಾರ ಟೈಮ್ ಐತಿ. ಆ ಅಮೆರಿಕಾದವರಿಗೊಂದು ಕಾಗದಾ ಬರದು ಕೊಡ್ರಿ. ಅದರಾಗ ಹೋಗೂ ಯಂತ್ರ ಮ್ಯಾಲಿಂದ ಎಲ್ಲಾ ನೋಡ್ತಾವಂತಲ್ಲ, ನಮ್ಮ ಯಂಕಣ್ಣನ್ನೂ ಒಂಚೂರು ನೋಡ್ರಿ ಅಂತ.”

ತಪ್ಪು ಮೈಲಾರಪ್ಪನದೇ. ಚೀನಾ ಗಡಿಯ ಯುದ್ಧ ನಿಂತು ಹನ್ನೊಂದು ತಿಂಗಳಾಗಿತ್ತು. ಸಿಪಾಯಿಯಾಗಿ ಹೋಗಿದ್ದ ಮಗ ಯಂಕಣ್ಣ ಸತ್ತವರ ಪಟ್ಟಿಯಲ್ಲೂ ಇರಲಿಲ್ಲ, ಸೆರೆಯಿಂದ ಬಿಡಿಸಿಕೊಂಡು ಬಂದವರ ಪಟ್ಟಿಯಲ್ಲೂ ಇರಲಿಲ್ಲ. ದಿನಾ ಸಂಜೆ ಮೈಲಾರಪ್ಪ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ “ಗಡಿ ಕಡೆ ಸುದ್ದಿ ಏನರ ಬಂತೇನ್ರಿ?” ಎಂದು ಅವಳು ಕೇಳುವಳು. ಇಲ್ಲ ಎಂದು ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ನಿನ್ನೆ ಮತ್ತೆ ಅದೇ ಇಲ್ಲವನ್ನು ಹೇಳಲು ಮನಸ್ಸು ಬಾರದೆ, ಹಗಲು ತಾನೇ ಜೋಡಿಸಿದ್ದ ಸುದ್ದಿ ಹೇಳಿಬಿಟ್ಟ: ಅಮೆರಿಕದವರು ಎರಡು ಮಿಲಿಟರಿ ಕಾವಲು ಉಪಗ್ರಹಗಳನ್ನು ಆಕಾಶಕ್ಕೆ ಹಾರಿಸಲಿದ್ದಾರಂತೆ, ಯಾವ ದೇಶ ಎಲ್ಲಿ ಏನು ಅಡಗಿಸಿಟ್ಟರೂ ಅವುಗಳಿಗೆ ಕಾಣುತ್ತದಂತೆ. ಸಾವಂತ್ರೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿದ್ದನ್ನು ಕಂಡು ಅವನು ತನ್ನದೂ ನಾಲ್ಕು ಮಾತು ಸೇರಿಸಿದ. ಊರಿಗೆ ಹೊರಟವರ ಕೈಯಲ್ಲಿ ಮಾತು ಹೇಳಿ ಕಳಿಸುವುದು ಅವಳ ರೂಢಿ. ಬಳ್ಳಾರಿ ಬಸ್ಸಾದರೇನು, ರಾಕೆಟ್ಟಾದರೇನು!

ಆದರೆ ಹೇಳಬೇಕಾದದ್ದನ್ನು ಅವನು ಹೇಳಿರಲಿಲ್ಲ. ಸೈನ್ಯದ ಕಚೇರಿಯಿಂದ ಬಂದ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಮಗ ತೀರಿಕೊಂಡನೆಂದು ಒಪ್ಪಿದ್ದೇನೆ ಎಂಬ ಸಾಲಿನ ಕೆಳಗೆ ಬೆಳಿಗ್ಗೆಯೇ ಸಹಿ ಹಾಕಿದ್ದ. ಹಾಕದಿದ್ದರೆ ಸೊಸೆಗೂ ಕೂಸಿಗೂ ಪಿಂಚಣಿಯಿಲ್ಲ. ಹಾಕಿದ್ದು ಟಪಾಲಿಗೆ ಬಿದ್ದರೆ ಆ ಹುಡುಗಿಯ ಕೈಬಳೆ ಒಡೆಯಬೇಕು. ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಬೆಳಿಗ್ಗೆಯಿಂದ ಒದ್ದಾಡುತ್ತಿದ್ದ.

“ಅವ್ವಾರ,” ಬಾಳಕೃಷ್ಣ ಮೆಲ್ಲಗೆ ಹೇಳಿದ, “ಅವು ಮನಷ್ಯಾರನ್ನ ಹುಡುಕೂ ಯಂತ್ರ ಅಲ್ರಿ. ಬಾಂಬು, ತೋಪು ಎಲ್ಲೆ ಅದಾವ ಅಂತ ನೋಡ್ತಾವು.”

“ತೋಪಿನ ಮುಂದನ ನಿಂತಿದ್ನಲ್ರಿ ನನ್ನ ಮಗಾ!”

ಬಾಳಕೃಷ್ಣ ಪೆನ್ನು ತೆಗೆದ. ಹಾಳೆ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆಯತೊಡಗಿದ. ಎರಡು ಸಾಲಾದ ಮೇಲೆ ತಲೆಯೆತ್ತಿ, “ಮೈಲಾರಪ್ಪ, ಹುಡುಗನ ಮಿಲಿಟರಿ ನಂಬರ ಎಷ್ಟ್ರಿ?” ಎಂದ.

ನಂಬರಿದ್ದದ್ದು ಜೇಬಿನ ಕಾಗದದಲ್ಲಿ. ಹೆಂಡತಿ ಎದುರಿಗೇ ನಿಂತಿದ್ದಳು. ಬೇರೆ ದಾರಿ ಕಾಣದೆ ಮೈಲಾರಪ್ಪ ಅದನ್ನು ತೆಗೆದು ಕೊಟ್ಟ. ಬಾಳಕೃಷ್ಣನ ಕಣ್ಣು ಮೇಲಿಂದ ಇಳಿಯುತ್ತ ಸಹಿಯ ಮೇಲೆ ಬಂದು ನಿಂತಿತು. ಅವನು ನಂಬರು ಇಳಿಸಿಕೊಂಡು ಕಾಗದ ಮಡಚಿ ಹಿಂದಕ್ಕೆ ಕೊಟ್ಟ.

“ಏನ್ ಬರದಾರ್ರಿ ಅದರಾಗ?” ಓದು ಬರದ ಸಾವಂತ್ರೆವ್ವ ಕೇಳಿದಳು.

“ನಂಬರ ಐತ್ರಿ,” ಎಂದ ಬಾಳಕೃಷ್ಣ. “ಗುರುತು ಏನಂತ ಹಾಕ್ಲಿ?”

“ಗಲ್ಲದ ಮ್ಯಾಲ ಮಚ್ಚಿ ಐತಿ. ಅದು ಬ್ಯಾಡ ಬಿಡ್ರಿ, ಮ್ಯಾಲಿಂದ ನೋಡಾವರಿಗೆ ಗಲ್ಲಾ ಹ್ಯಾಂಗ ಕಾಣ್ಬೇಕು? ನೆತ್ತಿ ಮ್ಯಾಲ ಎರಡು ಸುಳಿ ಅದಾವು, ಅದನ್ನ ಬರೀರಿ. ಕೂಸಿದ್ದಾಗಿಂದ ಎಣ್ಣಿ ಹಚ್ಚೇನಿ, ನನಗ ಗೊತ್ತಿಲ್ಲೇನು?”

ಮೈಲಾರಪ್ಪನಿಗೆ ಗೊತ್ತಿರಲಿಲ್ಲ. ಮಗನ ನೆತ್ತಿಯ ಮೇಲೆ ಎಷ್ಟು ಸುಳಿ ಎಂಬುದೂ ತಿಳಿಯದ ನಾನು ಅವನು ಸತ್ತನೆಂದು ಸಹಿ ಹಾಕಿದೆನಲ್ಲ ಎಂದು ಅವನಿಗೆ ತಡೆಯಲಾರದ ಸಂಕಟವಾಯಿತು.

“ನೀವ್ಯಾಕ ದೂರ ನಿಂತೀರಿ? ನಿಮ್ಮ ಸಹೀನೂ ಹಾಕ್ರಿ. ತಂದಿ ಸಹಿ ಇದ್ರ ಕಿಮ್ಮತ್ತು ಕೊಡ್ತಾರ,” ಎಂದಳು ಅವಳು.

ಅವನು ಪೆನ್ನು ಹಿಡಿದ. ಮತ್ತೆ ಮೇಜಿನ ಮೇಲಿಟ್ಟ. ಇವಳಿಗೆ ಸುಳ್ಳು ಆಸೆ ಹುಟ್ಟಿಸಿದವನು ತಾನೇ. ಅದನ್ನು ಇಲ್ಲಿಯೇ, ಈಗಲೇ ಮುರಿದುಬಿಡುವುದು ಒಳ್ಳೆಯದು ಅನ್ನಿಸಿತು.

“ಹುಚ್ಚಿ, ಸಿಪಾಯಿ ತಲೀ ಮ್ಯಾಲ ಟೋಪಿ ಇರ್ತೈತಿ,” ಎಂದ. “ಸುಳಿ ಹ್ಯಾಂಗ ಕಾಣ್ತಾವ?”

“ಟೋಪಿ ಎಲ್ಲೈತ್ರಿ? ಹೋದ ತಿಂಗಳ ಮಿಲಿಟರಿಯವರು ಕಳಿಸಿದ ಅವನ ಟ್ರಂಕಿನ್ಯಾಗ ಮನೀಗೆ ಬಂತಲ್ಲ,” ಎಂದಳು ಸಾವಂತ್ರೆವ್ವ. ಆಮೇಲೆ ಬಾಳಕೃಷ್ಣನ ಕಡೆ ತಿರುಗಿದಳು. “ರಾಯರ, ಬರಿ ತಲೀಲೆ ಅದಾನ ಅಂತ ಬರೀರಿ. ಅಲ್ಲೆ ಥಂಡಿ ಭಾಳಂತ, ಲಗೂನ ನೋಡ್ರಿ ಅಂತ.”